ಓಣಿ ಒಟ್ಟಿಗೆ ಉಣ್ಣುವ ಹೊತ್ತು

ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಕೂಗಿದರೂ ಕೇಳಿಸುವುದಿಲ್ಲ. ಬನಹಟ್ಟಿಯ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಮೊದಲು ಕಲಿತದ್ದು ಅದನ್ನೇ. ಎರಡೂ ಬದಿಯ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಬೆಳಗಿನಿಂದ ಹೊಡೆದುಕೊಳ್ಳುತ್ತಿರುತ್ತವೆ. ಮಗ್ಗದ ಮುಂದೆ ನಿಂತವರನ್ನು ಕರೆಯಬೇಕಾದರೆ ಹತ್ತಿರ ಹೋಗಿ ಬೆನ್ನು ಮುಟ್ಟಬೇಕು, ಇಲ್ಲವೇ ದೀಪವನ್ನು ಒಮ್ಮೆ ಆರಿಸಿ ಹಚ್ಚಬೇಕು. ಊಟಕ್ಕೆ ಏಳಿ ಎನ್ನಲು ಬೆರಳುಗಳನ್ನು ಬಾಯಿಗೆ ಒಯ್ದರೆ ಸಾಕು. ಮಾತೇ ಆಡಬೇಕೆಂದರೆ ತುಟಿಯನ್ನು ಅಗಲವಾಗಿ, ನಿಧಾನವಾಗಿ ಆಡಿಸಬೇಕು, ಎದುರಿಗಿದ್ದವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ರನ್ನ ಬೆಳಗಲಿಯ ಹೊಲದ ಮನೆಯಲ್ಲಿ ಬೆಳೆದು, ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಬಂದಿದ್ದ ನನಗೆ ನಾಲ್ಕು ಜನರ ಮುಂದೆ ಮಾತಾಡಲು ಮೊದಲಿನಿಂದಲೂ ನಾಚಿಕೆ. ಮಾತಿಲ್ಲದೆಯೂ ನಡೆಯುವ ಮನೆ ಸಿಕ್ಕಿತೆಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದೆ.

ಕಳೆದ ಬೇಸಿಗೆ ರಜೆಗೆ ಬೀಳಗಿಯಿಂದ ಬಂದಿದ್ದಿರಲ್ಲ, ಮಗಳ ಮಕ್ಕಳು ನೀವು, ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಬೆನ್ನುಬೆನ್ನಿಗೇ ನಿಂತಾಗ ಕರೆಂಟ್ ಹೋಯಿತೆಂದು ಒಳಗೆ ಓಡಿ ಬಂದಿರಿ. ತಲೆ ಎತ್ತಿ ನೋಡಿದರೆ ಫ್ಯಾನ್ ತಿರುಗುತ್ತಲೇ ಇತ್ತು.

"ಆಯಿ, ಕರೆಂಟ್ ಐತಿ, ಮತ್ತ ಎಲ್ಲಾರ ಮಗ್ಗಾ ಯಾಕ ನಿಂತ್ವು?"

"ಉಣ್ಣೂ ಹೊತ್ತು ಆತು, ಅದಕ್ಕ," ಎಂದಷ್ಟೇ ಹೇಳಿ ನಿಮಗೆ ರೊಟ್ಟಿ ಬಡಿಸಿದೆ. ಅದು ಪೂರ್ತಿ ಉತ್ತರವಲ್ಲ ಎಂಬುದು ನಿಮಗೂ ಗೊತ್ತಾಗಿತ್ತು. ಎಲ್ಲರೂ ಕುಳಿತಿದ್ದಾಗ ಇಷ್ಟುದ್ದ ಹೇಳುವುದು ನನ್ನಿಂದಾಗದು. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಸಣ್ಣ ತಂಗಿ, ನಿಮ್ಮ ಮಾವನ ಮಗಳು, ಹುಟ್ಟುವ ಹೊತ್ತಿಗೆ ನಿಮ್ಮ ಅಜ್ಜ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಮಗ್ಗಗಳನ್ನು ಮಗ, ಸೊಸೆ ನೋಡಿಕೊಳ್ಳುತ್ತಿದ್ದರು. ನಾನು ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ಅವಳು ಅಳುವುದು ಕಡಿಮೆ. ಮುಖ ನೋಡಿ ನಗುತ್ತಿದ್ದಳು, ಕೈ ಬೀಸಿದರೆ ತೆವಳಿ ಬರುತ್ತಿದ್ದಳು, ಬೆರಳು ಬಾಯಿಗೆ ಒಯ್ದರೆ ಬಾಯಿ ತೆರೆಯುತ್ತಿದ್ದಳು. ಮಗ್ಗದ ಮನೆಯ ಕೂಸು ಹೇಗಿರಬೇಕೋ ಹಾಗೆಯೇ ಇದ್ದಳು.

ನಮ್ಮ ಓಣಿಯಲ್ಲಿ ಕೂಸಿನ ಕಿವಿ ನೋಡುವ ಒಂದು ರೂಢಿಯಿದೆ. ಬೇರೆ ಕಡೆ ತಟ್ಟೆ ಬಡಿಯುತ್ತಾರೆ, ಗಿಲಕಿ ಆಡಿಸುತ್ತಾರೆ. ಇಲ್ಲಿ ಅದಾವುದೂ ನಡೆಯುವುದಿಲ್ಲ. ನಮ್ಮಲ್ಲಿ ಮಗ್ಗವನ್ನು ನಿಲ್ಲಿಸುತ್ತೇವೆ. ಎಳೆ ಹರಿದು ಮಗ್ಗ ನಿಂತರೆ ದೊಡ್ಡವರೆಲ್ಲ ತಾವಾಗಿಯೇ ಅತ್ತ ತಿರುಗುತ್ತಾರೆ. ಕೂಸೂ ತಿರುಗಿದರೆ ಕಿವಿ ಸರಿಯಿದೆ ಎಂದು ಅರ್ಥ. ನಿಮ್ಮ ತಂಗಿ ಪ್ರತಿ ಸಲವೂ ತಿರುಗುತ್ತಿದ್ದಳು. ನೆಲದ ಮೇಲೆ ಕುಳಿತು ಖಾಲಿ ಕಂಡಿಕೆಗಳ ಜೊತೆ ಆಡುತ್ತಿದ್ದವಳು ಮಗ್ಗ ನಿಂತ ಗಳಿಗೆಗೆ ಕತ್ತು ಎತ್ತುತ್ತಿದ್ದಳು. ಎಲ್ಲರಿಗೂ ಖುಷಿ.

ಎರಡು ವರ್ಷ ತುಂಬುತ್ತ ಬಂದರೂ ಮಾತು ಬರಲಿಲ್ಲ. ಅದಕ್ಕೂ ಓಣಿಯವರ ಹತ್ತಿರ ಕಾರಣ ಸಿದ್ಧವಿತ್ತು.

"ಆಯೀ ಮ್ಯಾಲೆ ಹೋಗ್ಯಾಳ ಬಿಡ್ರಿ," ಎಂದು ಎದುರು ಮನೆಯ ಹಿರಿಯರು ನಗುತ್ತಿದ್ದರು. ನಮ್ಮ ಮನೆಯವರಿಗೆ ತಮ್ಮನಂತಿದ್ದವರು ಅವರು, ಅತ್ತಿಗೆ ಎಂಬ ಅರ್ಥದಲ್ಲಿ ನನ್ನನ್ನು ವೈನಿ ಎಂದೇ ಕರೆಯುತ್ತಾರೆ. "ವೈನಿ ಈ ಓಣಿಗೆ ಬಂದು ಕೂದಲು ಬೆಳ್ಳಗಾದ್ವು, ಇನ್ನೂ ನಮ್ಮ ಮುಂದ ಒಂದು ಮಾತಾಡಿಲ್ಲ. ಮೊಮ್ಮಗಳು ಎರಡ ವರ್ಷಕ್ಕ ಭಾಷಣಾ ಮಾಡಬೇಕೇನು?"

ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಆದರೂ ಆ ಮಾತು ಒಂದು ರೀತಿ ಸಮಾಧಾನವನ್ನೇ ಕೊಟ್ಟಿತು. ನನ್ನಂತೆ ಆಗಿದ್ದಾಳೆ ಅಷ್ಟೇ ಅಂದುಕೊಂಡೆ.

ಗೊತ್ತಾದದ್ದು ರನ್ನ ಬೆಳಗಲಿಯಲ್ಲಿ. ತವರಿಗೆ ಹೋದಾಗ ಕೂಸನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ನುಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂರಿಸಿದ್ದೆ. ಅವಳ ಬೆನ್ನ ಹಿಂದೆ ನನ್ನ ತಮ್ಮನ ಹೆಂಡತಿ ಬಾವಿಯಿಂದ ಬಂದವಳು ಕಾಲು ಜಾರಿ ತುಂಬಿದ ತಾಮ್ರದ ಕೊಡವನ್ನು ಕಲ್ಲಿನ ಮೇಲೆ ಬೀಳಿಸಿದಳು. ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿ ಎದ್ದು ನಿಂತಿತು. ಕಾಗೆಗಳು ಹಾರಿದವು. ಕೂಸು ಮಾತ್ರ ನುಲಿಯ ಎಳೆಯನ್ನು ಕೀಳುತ್ತ ಕುಳಿತೇ ಇತ್ತು, ಕತ್ತು ಎತ್ತಲಿಲ್ಲ.

ನಾನದನ್ನು ಕಂಡೆ. ಆದರೆ ಯಾರಿಗೂ ಹೇಳಲಿಲ್ಲ. ಆಟದಲ್ಲಿ ಮುಳುಗಿರಬಹುದು ಎಂದುಕೊಂಡೆ. ಬನಹಟ್ಟಿಗೆ ಮರಳಿದ ಮೇಲೆ ನನ್ನಷ್ಟಕ್ಕೆ ನಾನೇ ನೋಡತೊಡಗಿದೆ. ಕೂಸು ನೆಲದ ಮೇಲಿದ್ದಾಗ ಮಗ್ಗ ನಿಂತರೆ ತಿರುಗುತ್ತಿತ್ತು. ಬಗಲಲ್ಲಿ ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಾಗ ಮಗ್ಗ ನಿಂತರೆ ತಿರುಗುತ್ತಿರಲಿಲ್ಲ. ಒಮ್ಮೆ ಬಗಲಲ್ಲಿದ್ದಾಗಲೂ ತಿರುಗಿದಳು, ನನಗೆ ಜೀವ ಬಂದಂತಾಯಿತು. ಮತ್ತೆ ನೋಡಿದರೆ ಇಲ್ಲ. ಮತ್ತೊಂದು ದಿನವೂ ಇಲ್ಲ. ಆ ಒಮ್ಮೆ ತಿರುಗಿದ್ದು ಗೋಡೆಯ ಮೇಲಿನ ಹಲ್ಲಿಗೋ ಏನೋ. ಮಗ್ಗ ನಡೆಯುವಾಗ ನಮ್ಮ ನೆಲ ಸಣ್ಣಗೆ ನಡುಗುತ್ತಿರುತ್ತದೆ, ನಮಗೆ ರೂಢಿಯಾಗಿ ಗೊತ್ತಾಗುವುದಿಲ್ಲ. ಆ ನಡುಕ ನಿಲ್ಲುವುದನ್ನು ಕೂಸು ತೊಡೆಯಿಂದ, ಅಂಗಾಲಿನಿಂದ ತಿಳಿದುಕೊಳ್ಳುತ್ತಿತ್ತು. ನಾವೆಲ್ಲ ಅದನ್ನು ಕಿವಿ ಎಂದುಕೊಂಡಿದ್ದೆವು.

ಸೊಸೆಗೆ ಹೇಳಿದೆ. ಅವಳು ಅಳಲಿಲ್ಲ. ಕೂಸನ್ನು ಎತ್ತಿಕೊಂಡು, ನಾನು ಮಾಡಿದಂತೆಯೇ ತಾನೂ ಮಾಡಿ ನೋಡಿದಳು. ಆಮೇಲೆ, "ನಾಳೆ ಜಮಖಂಡಿಗೆ ಹೋಗೂಣ್ರಿ ಅತ್ತೀ," ಎಂದಳು.

ಜಮಖಂಡಿಯ ಕಿವಿ ಡಾಕ್ಟರು ನೋಡಿ, ಕಿವಿ ತಪಾಸಣೆ ಮಾಡುವ ಮೇಡಂ ಹತ್ತಿರ ಕಳಿಸಿದರು. ಆಗ ನಿಮ್ಮ ಅಕ್ಕ, ಬೀಳಗಿಯ ಹಿರಿಯವಳು, ಜಮಖಂಡಿಯಲ್ಲೇ ಹಾಸ್ಟೆಲಿನಲ್ಲಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಳು. ಅವಳೂ ಬಂದಳು. ಅವಳಿದ್ದದ್ದು ಒಳ್ಳೆಯದಾಯಿತು, ನಾನು ಕೇಳಲು ನಾಚುವುದನ್ನೆಲ್ಲ ಅವಳು ಕೇಳುತ್ತಾಳೆ.

ಕೂಸು ಮಲಗಬೇಕು ಎಂದರು ಮೇಡಂ. ಸೊಸೆಯ ತೊಡೆಯ ಮೇಲೆ ಮಲಗಿಸಿ, ಹಣೆಗೆ, ಕಿವಿಯ ಹಿಂದೆ ತಂತಿಗಳನ್ನು ಅಂಟಿಸಿದರು. ಕಿವಿಯೊಳಗೆ ಸಣ್ಣಗೆ ಟಕ್ ಟಕ್ ಸದ್ದು ಬಿಡುತ್ತಾರಂತೆ, ಅದು ಮಿದುಳಿಗೆ ಮುಟ್ಟಿತೋ ಇಲ್ಲವೋ ಎಂದು ತಂತಿ ಹೇಳುತ್ತದಂತೆ. ಪರದೆಯ ಮೇಲೆ ಒಂದು ಗೆರೆ ಗಾಳಿಗೆ ಸಿಕ್ಕ ನೂಲಿನಂತೆ ಹೊಯ್ದಾಡುತ್ತಿತ್ತು.

"ಮೇಡಂ, ಇದರಾಗ ಉತ್ತರ ಯಾವುದು, ಗದ್ದಲ ಯಾವುದು?" ಎಂದು ಕೇಳಿದಳು ನಿಮ್ಮ ಅಕ್ಕ.

ಮೇಡಂ ಅವಳ ಕಡೆ ತಿರುಗಿ ನೋಡಿದರು. "ಛಲೋ ಕೇಳಿದಿ. ಈಗ ಕಾಣೂದು ಬರೇ ಗದ್ದಲ. ಮಲಗಿದ್ರೂ ತಲಿ ಸುಮ್ಮನಿರಂಗಿಲ್ಲ ನೋಡು, ಒಳಗ ಏನಾರೆ ನಡದ ಇರ್ತೈತಿ. ಟಕ್ ಅಂದಿದ್ದಕ್ಕ ಬರೂ ಉತ್ತರ ಅದರ ಮುಂದ ಭಾಳ ಸಣ್ಣದು. ಒಂದ ಸಲಾ ನೋಡಿದ್ರ ಕಾಣಂಗೇ ಇಲ್ಲ. ಅದಕ್ಕ ಸಾವಿರಾರು ಸಲಾ ಟಕ್ ಅನ್ನಿಸಿ, ಎಲ್ಲಾ ಗೆರಿ ಒಂದರ ಮ್ಯಾಲ ಒಂದು ಕೂಡಿಸ್ತೀವಿ. ಗದ್ದಲ ಒಮ್ಮೆ ಮ್ಯಾಲ, ಒಮ್ಮೆ ಕೆಳಗ. ತನ್ನಷ್ಟಕ್ಕ ತಾನ ಒಂದಕ್ಕೊಂದು ಹೊಡಕೊಂಡು ಅಳಿಸಿ ಹೋಗ್ತೈತಿ. ಖರೆ ಉತ್ತರ ಪ್ರತಿ ಸಲಾ ಅದ ಜಾಗಾದಾಗ ಬರ್ತೈತಿ. ಅದು ಉಳೀತೈತಿ."

ಏಳನೆಯ ತರಗತಿ ಓದಿದ ನನಗೆ ಇದು ತಿಳಿದದ್ದು ಹೇಗೆ ಎಂದರೆ, ಬಟ್ಟೆಯಿಂದ. ನೇಯ್ದ ಬಟ್ಟೆಯಲ್ಲಿ ದಾರದ ಗಂಟು, ಎಣ್ಣೆಯ ಚುಕ್ಕೆ ಎಲ್ಲೆಂದರಲ್ಲಿ ಇರುತ್ತವೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಮಗ್ಗದಲ್ಲಿ ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯಲ್ಲಿ ಒಂದು ಎಳೆ ತಪ್ಪಾಗಿ ಸೇರಿದ್ದರೆ ಬಟ್ಟೆಯ ಉದ್ದಕ್ಕೂ ಅದೇ ಜಾಗದಲ್ಲಿ ಒಂದು ಗೆರೆ ಓಡುತ್ತದೆ. ಒಂದು ಗೇಣು ಬಟ್ಟೆಯಲ್ಲಿ ಅದು ಕಾಣಿಸದೇ ಹೋಗಬಹುದು. ಮಡಿಕೆಯ ಮೇಲೆ ಮಡಿಕೆ ಇಟ್ಟು ಬೆಳಕಿಗೆ ಹಿಡಿದರೆ ಗಂಟುಗಳೆಲ್ಲ ಚೆದುರಿ ಹೋಗಿ ಆ ಗೆರೆಯೊಂದೇ ಎದ್ದು ನಿಲ್ಲುತ್ತದೆ. ಪರದೆ ನೋಡುತ್ತ ಕುಳಿತೆ. ಹೊಯ್ದಾಡುತ್ತಿದ್ದ ಗೆರೆ ಬರಬರುತ್ತ ತಣ್ಣಗಾಯಿತು. ಅದರ ನಡುವೆ ಒಂದು ಕಡೆ ಸಣ್ಣ ಉಬ್ಬು ಉಳಿಯಿತು. ಅದು ಸದ್ದು ಬಹಳ ಜೋರು ಮಾಡಿದಾಗಷ್ಟೇ ಬಂದದ್ದು, ಆದರೆ ಬಂತು.

"ಪೂರ್ತಿ ಕೇಳಸೂದಿಲ್ಲ ಅನ್ನಂಗಿಲ್ಲ," ಎಂದರು ಮೇಡಂ. "ಕಿವಿ ಮಷಿನ್ ಹಾಕಿದ್ರ ಮಾತು ಮುಟ್ಟಬಹುದು. ಆದ್ರ ಒಂದು ಮಾತು ನೆಪ್ಪಿಡ್ರಿ. ಈ ಎರಡು ಮೂರು ವರ್ಷದಾಗ ಮಾತು ಕಿವಿಗೆ ಬೀಳಬೇಕು. ಬಿದ್ರ ಬಾಯಿಗೆ ಬರ್ತೈತಿ. ತಡಾ ಆತಂದ್ರ ಆಮ್ಯಾಲ ಭಾಳ ಕಷ್ಟ."

ಮಷಿನ್ ಬಂದ ದಿನ, ಮೇಡಂ ಅವರ ಸದ್ದಿಲ್ಲದ ಕೋಣೆಯಲ್ಲಿ ಕೂಸಿನ ಎರಡೂ ಕಿವಿಗೆ ಹಾಕಿದಾಗ, ಅದು ಅಲುಗಾಡದೆ ಕುಳಿತು ಕಣ್ಣು ಅರಳಿಸಿತು. ಸೊಸೆ "ಪುಟ್ಟೀ" ಎಂದಳು. ಕೂಸು ಅವಳ ಬಾಯಿಯನ್ನು ನೋಡಿತು, ಆಮೇಲೆ ಕೈಯಿಂದ ಬಾಯಿ ಮುಟ್ಟಿತು. ಬಸ್ಸಿನಲ್ಲಿ ಬರುವಾಗ ನಾವಿಬ್ಬರೂ ಸುಮ್ಮನೆ ನಗುತ್ತ ಬಂದೆವು.

ಮನೆಗೆ ಬಂದು, ಮಗ ಮಗ್ಗ ಶುರು ಮಾಡಿದ. ಕೂಸು ಕಿರುಚಿದ ಪರಿ ಈಗಲೂ ನನ್ನ ಕಿವಿಯಲ್ಲಿದೆ. ಮಷಿನ್ ಎರಡನ್ನೂ ಕಿತ್ತು ಎಸೆಯಿತು. ಒಂದು ಮಗ್ಗದ ಕೆಳಗೆ ನೂಲಿನ ಧೂಳಿನಲ್ಲಿ ಸಿಕ್ಕಿತು. ಮರುದಿನವೂ ಹಾಗೆಯೇ. ವಾರ ಕಳೆಯುವುದರೊಳಗೆ ಮಷಿನ್ ಪೆಟ್ಟಿಗೆಯನ್ನು ಕಂಡರೂ ತಲೆಯನ್ನು ಸೊಸೆಯ ಸೀರೆಯಲ್ಲಿ ಮರೆಮಾಡುತ್ತಿತ್ತು.

ಮಗನೇ ಕೂಸನ್ನೂ ನನ್ನನ್ನೂ ಮತ್ತೆ ಜಮಖಂಡಿಗೆ ಕರೆದುಕೊಂಡು ಹೋದ. "ಮಷಿನ್ ಬರೋಬರಿ ಇಲ್ರಿ ಮೇಡಂ. ಇಲ್ಲಾ ಇನ್ನೂ ಸ್ವಲ್ಪ ಜೋರ್ ಮಾಡ್ರಿ, ಮಾತು ಕೇಳಸ್ಲಿ," ಎಂದ.

"ಜೋರ್ ಮಾಡಿದ್ರ ಮಗ್ಗಾನೂ ಜೋರ್ ಆಗ್ತೈತಿ," ಎಂದರು ಮೇಡಂ. "ಮಗ್ಗ ಯಾವುದು, ಅವ್ವ ಯಾಕಿ ಅನ್ನೂದು ಮಷಿನ್‌ಗೆ ಅಷ್ಟು ತಿಳಿಯಂಗಿಲ್ರಿ. ಎರಡೂ ದೊಡ್ಡದು ಮಾಡಿ ಕೊಡ್ತೈತಿ. ಮಾತು ಎಷ್ಟು ದೊಡ್ಡದು ಅನ್ನೂದಲ್ಲ ಲೆಕ್ಕ. ಗದ್ದಲದ ಮುಂದ ಮಾತು ಎಷ್ಟು ದೊಡ್ಡದು, ಅದು ಲೆಕ್ಕ."

"ಹಂಗಾರ ಏನ್ ಮಾಡೂದ್ರಿ?"

"ಎರಡ ದಾರಿ. ಗದ್ದಲ ಕಡಿಮಿ ಮಾಡ್ರಿ. ಇಲ್ಲಾ ಮಾತು ಹತ್ರ ತರ್ರಿ. ಕೂಸಿನ ಕಿವಿ ಹತ್ರ, ಒಂದು ಗೇಣು ದೂರದಾಗ ಬಾಯಿ ಇಟ್ಟು ಮೆಲ್ಲಕ ಮಾತಾಡಿದ್ರ, ದೂರ ನಿಂತು ಒದರೂದಕ್ಕಿಂತ ಛಲೋ. ಒದರಬ್ಯಾಡ್ರಿ. ಮೆಲ್ಲಕ ಮಾತಾಡಾವ್ರು ಮನ್ಯಾಗ ಯಾರಿದ್ದೀರಿ?"

ಮಗ ನನ್ನ ಕಡೆ ನೋಡಿದ. "ನಮ್ಮವ್ವ ಅದಾಳ್ರಿ. ಆಕಿಗೆ ಜೋರಾಗಿ ಮಾತಾಡಾಕ ಬರೂದಾ ಇಲ್ಲ."

ಜೀವನದಲ್ಲಿ ಮೊದಲ ಸಲ ನನ್ನ ಸಣ್ಣ ದನಿಗೆ ಒಂದು ಕೆಲಸ ಸಿಕ್ಕಿತು.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ನಮ್ಮನ್ನು ಕಳಿಸಲು ಬಂದಿದ್ದ ನಿಮ್ಮ ಅಕ್ಕ ಹೇಳಿದಳು, "ಆಯಿ, ನಮ್ಮ ಕಾಲೇಜಿನಾಗ ಇದಕ್ಕ ಒಂದು ಪೂರಾ ಪಾಠನ ಐತಿ. ಬೇಕಾದ್ದಕ್ಕ ಸಿಗ್ನಲ್ ಅಂತೀವಿ, ಬ್ಯಾಡಾದ್ದಕ್ಕ ನಾಯ್ಸ್. ಕಿವಿಗಷ್ಟ ಅಲ್ಲ, ಎಲ್ಲಾ ಕಡೆ ಅದ ಜಗಳ."

"ಎಲ್ಲಾ ಕಡೆ ಅಂದ್ರ?"

ಎದೆಯ ಪಟ್ಟಿ, ಅಂದರೆ ಇಸಿಜಿ, ತೆಗೆಯುವಾಗ ಅಲುಗಾಡಬೇಡಿ ಎನ್ನುತ್ತಾರಲ್ಲ, ಅದು ಇದಕ್ಕೇ ಎಂದಳು. ತೋಳಿನ ಸ್ನಾಯುವಿನ ಗದ್ದಲದಲ್ಲಿ ಹೃದಯದ ಮಾತು ಮುಚ್ಚಿಹೋಗುತ್ತದೆ. ತುಬಚಿಯ ಕಡೆ ನದಿಯ ನೀರೆತ್ತುವಂಥ ದೊಡ್ಡ ಪಂಪುಗಳಿರುತ್ತವಲ್ಲ, ಅಂಥ ಪಂಪಿನ ಮೈಗೆ ಒಂದು ಸಣ್ಣ ಸಾಧನ ಅಂಟಿಸಿ, ಅಷ್ಟು ಅಬ್ಬರದೊಳಗಿಂದ ಸವೆದ ಬೇರಿಂಗ್ ಒಂದರ ಕಿರುಗುಟ್ಟುವಿಕೆಯನ್ನು ಹೆಕ್ಕಿ ತೆಗೆಯಬಹುದಂತೆ. ನಕ್ಷತ್ರ ನೋಡುವವರು ಊರ ದೀಪಗಳಿಂದ ದೂರ ಗುಡ್ಡ ಹತ್ತುತ್ತಾರಂತೆ. ಮೊಬೈಲಿನಲ್ಲಿ ಮಾತು ಒಡೆಯುವುದೂ ಇದರಿಂದಲೇ ಎಂದಳು. ಯಾರ ಕೆಲಸವೇ ಇರಲಿ, ಕೊನೆಗೆ ಉಳಿಯುವ ಪ್ರಶ್ನೆ ಒಂದೇ ಅಂತೆ: ನನಗೆ ಬೇಕಾದದ್ದು ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ?

ಅವಳು ಹೇಳುತ್ತಿದ್ದಾಗ ನನಗೆ ನೆನಪಾದದ್ದು ನಿಮ್ಮ ಅಜ್ಜ. ಅವರಿಗೆ ರೇಡಿಯೊದಲ್ಲಿ ವಾರ್ತೆ ಕೇಳದಿದ್ದರೆ ಆಗುತ್ತಿರಲಿಲ್ಲ. ಒಳಗೆ ಮಗ್ಗದ ಸದ್ದು, ಜೊತೆಗೆ ರೇಡಿಯೊದ ಗೊರಗೊರ. ಒಳಗಿದ್ದು ಎಷ್ಟು ತಿರುಗಿಸಿ ಜೋರು ಮಾಡಿದರೂ ಗೊರಗೊರವೇ ಹೆಚ್ಚುತ್ತಿತ್ತು. ಆಗ ಅವರು ರೇಡಿಯೊ ಎತ್ತಿಕೊಂಡು ಮಾಳಿಗೆ ಹತ್ತಿ, ಮೂಲೆಯಿಂದ ಮೂಲೆಗೆ ತಿರುಗಾಡಿ, ದನಿ ತಿಳಿಯಾಗುವ ಒಂದು ಜಾಗ ಹುಡುಕಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಅವರು ಗುಂಡಿ ತಿರುಗಿಸುವುದು ಬಿಟ್ಟು ಜಾಗ ಹುಡುಕಿದ್ದರು. ನಾವೂ ಜಾಗ ಹುಡುಕಬೇಕಿತ್ತು.

ಹುಡುಕಿದೆವು. ಮೊದಲು ದೇವರ ಕೋಣೆಗೆ ಮನೆಯ ಕೌದಿಗಳನ್ನೆಲ್ಲ ತೂಗುಹಾಕಿದೆ. ಹಳೆಯ ಸೀರೆ, ಧೋತರ ಕೂಡಿಸಿ ನಾನೇ ಹೊಲಿದ ದಪ್ಪ ಕೌದಿಗಳು. ಕಿಟಕಿಗೊಂದು, ಬಾಗಿಲಿಗೆ ಎರಡು, ಗೋಡೆಗೆಲ್ಲ ಉಳಿದವು.

"ಗ್ವಾಡಿಗೂ ಥಂಡಿ ಹತ್ತೈತೇನ್ರಿ ಅತ್ತೀ?" ಎಂದು ಸೊಸೆ ನಕ್ಕಳು. ಆದರೆ ತಾನೇ ಮೊಳೆ ತಂದು ಹೊಡೆದಳು.

ಸದ್ದು ಸ್ವಲ್ಪ ಇಳಿಯಿತು. ಆದರೆ ಹಿಂದಿನ ಮನೆಯ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಕೈ ತೂರುವಷ್ಟೂ ಜಾಗವಿಲ್ಲ, ಅಲ್ಲಿನ ಮಗ್ಗಗಳ ಏಟು ಕಲ್ಲಿನೊಳಗಿಂದಲೇ ಬರುತ್ತಿತ್ತು. ಕೂಸು ಮಷಿನ್ ಹಾಕಿಸಿಕೊಂಡು ಸ್ವಲ್ಪ ಹೊತ್ತು ಇದ್ದು ಕಿತ್ತು ಬಿಡುತ್ತಿತ್ತು. ಕೆಲವು ದಿನ ರನ್ನ ಬೆಳಗಲಿಯಲ್ಲಿ ಇಟ್ಟುಕೊಳ್ಳೋಣವೆಂದು ಹೋದೆ. ಹಿಂದಿನ ಸಲ ಇದ್ದ ನಿಶ್ಶಬ್ದ ಈಗಿರಲಿಲ್ಲ. ಕಬ್ಬು ಕಡಿಯುವ ಹಂಗಾಮು. ಬೆಳಗಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು, ಒಂದೊಂದಕ್ಕೂ ಎತ್ತಿನ ತಲೆಯಷ್ಟು ದೊಡ್ಡ ಸ್ಪೀಕರ್, ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರ ಹಾಡು. ನನ್ನ ತಮ್ಮ, "ಅಕ್ಕಾ, ಇವರ ಹಾಡು ಕೇಳಾಕ ಮಷಿನ್ ಬೇಕಾಗಂಗಿಲ್ಲ ನೋಡು," ಎಂದ. ಮರಳಿ ಬನಹಟ್ಟಿಗೆ ಬಂದೆವು.

ಹೀಗೆ ದಿನಗಳು ಹೋಗುತ್ತಿದ್ದವು. ಮೇಡಂ ಹೇಳಿದ ಎರಡು ಮೂರು ವರ್ಷ ನೂಲಿನ ಉಂಡೆಯಂತೆ ಬಿಚ್ಚಿಕೊಳ್ಳುತ್ತಿದೆ, ನಾವು ಏನೂ ನೇಯ್ದಿಲ್ಲ ಎಂದು ನನಗೆ ಅನಿಸುತ್ತಿತ್ತು.

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಯಾರೂ ಮಗ್ಗ ನಡೆಸುವುದಿಲ್ಲ, ಒರೆಸಿ ಪೂಜೆ ಮಾಡಿ ಬಿಡುತ್ತಾರೆ. ಅಂದು ಕೂಸಿಗೆ ಮಷಿನ್ ಹಾಕಿ, ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಬಾಳೆಹಣ್ಣು ತೋರಿಸಿ "ಹಣ್ಣು" ಎಂದೆ. ಸುಮ್ಮನೆ ಅದನ್ನೇ ಹೇಳುತ್ತ ಹೋದೆ. ಕೂಸು ಮಷಿನ್ ಕೀಳಲಿಲ್ಲ. ಇಡೀ ಬೆಳಗು ಹಾಕಿಕೊಂಡಿತ್ತು. ಸಂಜೆ ಮಲಗುವ ಮೊದಲು ಬಾಯಿಯನ್ನು "ಹ" ಎಂದು ತೆರೆದು ನನ್ನ ಮುಖಕ್ಕೆ ಬಿಸಿ ಉಸಿರು ಬಿಟ್ಟಿತು.

ಮರುದಿನ ಮತ್ತೆ ಮಗ್ಗ ಶುರುವಾದವು. ಕಂಡಿಕೆ ಸುತ್ತುತ್ತ ಕುಳಿತಿದ್ದೆ. ನಮ್ಮ ಮಗ್ಗ ಊಟಕ್ಕೆ ನಿಂತಿತು, ಹಿಂದಿನ ಮನೆಯವು ನಡೆದೇ ಇದ್ದವು. ನಮ್ಮವು ಶುರುವಾದ ಮೇಲೆ ಹಿಂದಿನವು ನಿಂತವು. ಅವು ನಿಂತಾಗ ಎದುರಿನವು ನಡೆಯುತ್ತಿದ್ದವು. ದಿನವೂ ಹೀಗೆಯೇ ಇತ್ತು, ಆದರೆ ಅಂದು ಮೊದಲ ಸಲ ನನಗೆ ಅದು ಕಂಡಿತು. ಓಣಿಯಲ್ಲಿ ಪ್ರತಿ ಮನೆಯೂ ಊಟಕ್ಕೆಂದು ಒಂದಷ್ಟು ಹೊತ್ತು ಮಗ್ಗ ನಿಲ್ಲಿಸಿಯೇ ನಿಲ್ಲಿಸುತ್ತದೆ. ಸುಮ್ಮನಿರುವ ಹೊತ್ತು ಇಲ್ಲಿ ಇಲ್ಲವೆಂದಲ್ಲ, ಚೆದುರಿ ಬಿದ್ದಿದೆ. ಮೇಡಂ ಹೇಳಿದ್ದು ನೆನಪಾಯಿತು: ಹಿಂದೆ ಮುಂದೆ ಬಂದದ್ದು ಹೊಡೆದುಕೊಂಡು ಹೋಗುತ್ತದೆ, ಒಂದೇ ಜಾಗದಲ್ಲಿ ಬಂದದ್ದು ಉಳಿಯುತ್ತದೆ. ಈ ಊಟದ ಹೊತ್ತುಗಳನ್ನೆಲ್ಲ ಒಂದೇ ಜಾಗಕ್ಕೆ ತಂದು ಒಂದರ ಮೇಲೊಂದು ಇಟ್ಟರೆ? ಯಾರ ನೇಯ್ಗೆಯೂ ಒಂದು ಎಳೆ ಕಡಿಮೆಯಾಗುವುದಿಲ್ಲ. ಕೂಸಿಗೆ ದಿನಕ್ಕೊಂದು ಸಣ್ಣ ಅಮಾವಾಸ್ಯೆ ಸಿಗುತ್ತದೆ.

ಸೊಸೆಗೆ ಹೇಳಿದೆ. ಅವಳು ಕೈಯಲ್ಲಿದ್ದ ಲಾಳಿ ಕೆಳಗಿಟ್ಟು, "ಇದನ್ನ ನೀವಾ ಹೋಗಿ ಕೇಳ್ರಿ ಅತ್ತೀ," ಎಂದಳು.

"ನಾನಾ? ನೀ ಹೋಗವಾ, ನಿನಗ ಬಾಯಿ ಐತಿ."

"ನನಗ ಬಾಯಿ ಐತಿ ಅಂತ ಎಲ್ಲಾರಿಗೂ ಗೊತ್ತೈತಿ. ನಾ ಕೇಳಿದ್ರ ದಿನಾ ಒದರಾಕಿ ಇವತ್ತೂ ಒದರಾಕತ್ತಾಳ ಅಂತಾರ. ನೀವು ಹ್ವಾದ್ರ ನಿಂತು ಕೇಳ್ತಾರ."

ಅವಳು ಹೇಳಿದ್ದು ಸಿಗ್ನಲ್, ನಾಯ್ಸಿನ ಪಾಠವೇ ಎಂದು ನಿಮ್ಮ ಅಕ್ಕ ಆಮೇಲೆ ಎಷ್ಟೋ ದಿನ ನಕ್ಕಳು. ನನಗೆ ಅಂದು ನಗು ಬರಲಿಲ್ಲ. ಸೀರೆ ಬದಲಿಸಿ, ಹೊಸ್ತಿಲ ತನಕ ಹೋಗಿ ಮರಳಿ ಬಂದು ನೀರು ಕುಡಿದು, ಮತ್ತೆ ಹೋದೆ.

ಎದುರು ಮನೆಯ ಹಿರಿಯರದೇ ಓಣಿಯಲ್ಲಿ ಹೆಚ್ಚು ಮಗ್ಗ. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ನಾನು ಅವರ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವರು ಗಾಬರಿಯಾಗಿ ಮಗ್ಗ ನಿಲ್ಲಿಸಿಯೇ ಬಿಟ್ಟರು. "ಏನಾತ್ರಿ ವೈನಿ? ಯಾರಿಗರೆ ಆರಾಮಿಲ್ಲೇನು?"

ನೆಲ ನೋಡುತ್ತ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಕೆರೆದುಕೊಂಡರು.

"ಹಸಿವಾದಾಗ ಉಣ್ಣೂದ್ರಿ ವೈನಿ. ನಮ್ಮ ಮಂದಿಗೆ ಒಬ್ಬೊಬ್ಬರಿಗೆ ಒಂದೊಂದ ಹೊತ್ತಿಗೆ ಹಸಿವಾಗ್ತೈತಿ. ಓಣ್ಯಾಗ ಎಲ್ಲಾರ ಹೊಟ್ಟೀಗೂ ಒಂದ ಗಂಟಿ ಬಾರಸ್ತೀರೇನು?"

ಕಾಲು ಹಿಂದೆ ಸರಿಯಿತು. ಮರಳಿ ಬಂದುಬಿಡುತ್ತಿದ್ದೆ. ಆದರೆ ಕೂಸು ನನ್ನ ಮುಖಕ್ಕೆ ಬಿಟ್ಟ ಬಿಸಿ ಉಸಿರು ನೆನಪಾಯಿತು. "ಒಂದು ಎಂಟು ದಿನಾ ಮಾಡಿ ನೋಡ್ರಿ," ಎಂದೆ. "ಆಕಿ ನನ್ನಂಗ ಮಾತ ಕಮ್ಮಿ ಅಲ್ರಿ. ಆಕಿಗೆ ಮಾತು ಮುಟ್ಟೇ ಇಲ್ಲ. ಮುಟ್ಟಿದ ಮ್ಯಾಲ ಆಕಿ ಸುಮ್ಮನ ಕುಂತ್ರ ಕುಂದರ್ಲಿ, ನಾ ಏನೂ ಅನ್ನಂಗಿಲ್ಲ."

ಒಳಗಿನಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ಹೂಂ ಅನ್ರಲಾ. ಅಕ್ಕಾ ಇಷ್ಟು ಮಾತಾಡಿದ್ದು ನಾ ಇವತ್ತ ಕೇಳೂದು. ಇನ್ನೇನು ಕಾಲಿಗೆ ಬೀಳಬೇಕೇನು ಆಕಿ?"

ಎಂಟು ದಿನ ಎಂದು ಒಪ್ಪಿದರು. ಒಂದು ಹೊತ್ತು ಗೊತ್ತು ಮಾಡಿದೆವು. ಮೊದಲ ದಿನ ಮಧ್ಯಾಹ್ನ ಓಣಿ ಒಂದೊಂದಾಗಿ, ಕೊನೆಗೆ ಪೂರ್ತಿ ಸುಮ್ಮನಾದಾಗ ಜನ ತಟ್ಟೆ ಮುಂದಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲೋ ಗುಬ್ಬಿ ಚಿಲಿಪಿಲಿ ಎನ್ನುತ್ತಿತ್ತು. ಯಾರದೋ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು.

ಎಂಟು ದಿನ ಮುಗಿದ ಮೇಲೆ ಎದುರು ಮನೆಯವರು ತಾವಾಗಿಯೇ ಬಂದರು. "ನಡೀಲಿ ಬಿಡ್ರಿ ವೈನಿ, ಇದು ಹಿಂಗ ನಡೀಲಿ. ಆದ್ರ ನನಗೊಂದು ಲುಕ್ಸಾನ ಆಗೈತಿ. ಇಷ್ಟು ವರ್ಷ ನಮ್ಮಾಕಿ ಊಟದ ಮುಂದ ಕುಂತು ಬಾಯಿ ಆಡಸ್ತಿದ್ಲು, ನಾ ಹೂಂ ಹೂಂ ಅಂತಿದ್ದೆ. ಈಗ ಗೊತ್ತಾತು, ಅಷ್ಟೂ ಬೈಗುಳ."

ಆ ಹೊತ್ತಿನಲ್ಲಿ ನಾನು ಬೇಗ ನಾಲ್ಕು ತುತ್ತು ತಿಂದು ಕೂಸಿನ ಜೊತೆ ದೇವರ ಕೋಣೆಯಲ್ಲಿ, ಕೌದಿಗಳ ನಡುವೆ ಕೂರುತ್ತಿದ್ದೆ. ದಿನವೂ ಅದೇ ಕೆಲವು ಮಾತು. ಹಣ್ಣು, ಹಾಲು, ಬಾ, ಅವ್ವ. ಒಂದು ಸಲ ಹೇಳಿದ್ದು ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಆದ್ದರಿಂದ ಕೂಸು ನೋಡದಿದ್ದರೂ, ಅತ್ತರೂ, ನಿದ್ದೆಗೆ ಜಾರಿದರೂ ನನಗೆ ಬೇಸರವಾಗಲಿಲ್ಲ. ಒಂದರ ಮೇಲೊಂದು ಇಡುತ್ತ ಹೋದೆ.

ಮಳೆಗಾಲ ಹೋಗಿ ಚಳಿ ಬಂದಿತ್ತು. ಒಂದು ಮಧ್ಯಾಹ್ನ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಮಗ್ಗಗಳು ಆಗಲೇ ನಿಂತಿದ್ದವು, ನೆಲ ನಡುಗುತ್ತಿರಲಿಲ್ಲ. ಹಿಂದಿನಿಂದ ಸೊಸೆ, ಯಾವ ಯೋಚನೆಯೂ ಇಲ್ಲದೆ, ಬಾಗಿಲಲ್ಲಿ ನಿಂತು ಸಾದಾ ದನಿಯಲ್ಲಿ, "ಪುಟ್ಟೀ, ಹಾಲು ಕುಡಿ ಬಾ," ಎಂದಳು.

ಕೂಸು ನನ್ನ ಹೆಗಲ ಮೇಲಿಂದ ತಿರುಗಿ ನೋಡಿತು.

ಸೊಸೆ ಹಾಲಿನ ಲೋಟವನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು. ಒಮ್ಮೆ ತಿರುಗಿದ್ದನ್ನು ನಂಬಬಾರದು ಎಂದು ಹಲ್ಲಿ ನನಗೆ ಕಲಿಸಿತ್ತು. ಕೂಸನ್ನು ಮತ್ತೆ ಕಿಟಕಿಯ ಕಡೆ ತಿರುಗಿಸಿ ನಿಂತೆ. ಸೊಸೆ ಮತ್ತೆ ಕರೆದಳು. ತಿರುಗಿತು. ಮರುದಿನ ಕರೆದಾಗಲೂ ತಿರುಗಿತು. ಅದರ ಮರುದಿನ, ಕರೆದದ್ದು ಸಾಕಾಗಿ, ತಿರುಗದೆಯೇ "ಹಾ... ಲು" ಎಂದಿತು. ಆಗ ನಂಬಿದೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಿಮ್ಮ ತಂಗಿ ಈಗ ಶಾಲೆಗೆ ಹೋಗುತ್ತಾಳೆ. ಅವಳ ಟೀಚರ್ ಕೊರಳಿಗೆ ಒಂದು ಪುಟ್ಟ ಮೈಕ್ ಹಾಕಿಕೊಳ್ಳುತ್ತಾರೆ. ಅದು ಅವರ ಮಾತನ್ನು ಹುಡುಗರ ಗಲಾಟೆ ದಾಟಿಸಿ ನೇರ ಅವಳ ಮಷಿನ್‌ಗೆ ಮುಟ್ಟಿಸುತ್ತದೆ. ಅಂದರೆ ಟೀಚರ್ ದೂರ ನಿಂತಿದ್ದರೂ ಬಾಯಿ ಒಂದು ಗೇಣು ದೂರದಲ್ಲೇ ಇದ್ದಂತೆ. ಅವಳಿಗೆ "ಸ" ಇನ್ನೂ ಸರಿಯಾಗಿ ಬರುವುದಿಲ್ಲ, ಸಕ್ಕರೆ ಎಂಬುದು ಬೇರೇನೋ ಆಗುತ್ತದೆ. ಗಲಾಟೆಯಲ್ಲಿ ಅರ್ಧ ಮಾತು ಬಿಟ್ಟುಹೋಗುತ್ತದೆ, ಆಗ ನಮ್ಮ ಮಗ್ಗದ ಮನೆಯವರಂತೆ ತುಟಿ ನೋಡಿ ತುಂಬಿಸಿಕೊಳ್ಳುತ್ತಾಳೆ. ಮುಂದಿನ ದಾರಿ ಇನ್ನೂ ಇದೆ ಎಂದು ಮೇಡಂ ಹೇಳುತ್ತಾರೆ. ನಡೆಯಲು ಶುರು ಮಾಡಿಯಾಗಿದೆ ಎಂದು ನಾನು ಅಂದುಕೊಳ್ಳುತ್ತೇನೆ.

ನೀವು ಅವಳ ಜೊತೆ ಮಾತಾಡುವಾಗ ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು, ಮೆಲ್ಲಗೆ ಮಾತಾಡಿ. ಕೂಗಬೇಡಿ. ಅವಳಿಗೆ ಮಾತ್ರವಲ್ಲ, ಬೇರೆ ಯಾರಿಗಾದರೂ ನಿಮ್ಮ ಮಾತು ಮುಟ್ಟುತ್ತಿಲ್ಲ ಎನಿಸಿದಾಗಲೂ ಹೀಗೆಯೇ ಮಾಡಿ ನೋಡಿ.

ಈಗ ಓಣಿಯವರು ಹೊತ್ತು ನೋಡಲು ಗಡಿಯಾರದ ಕಡೆ ಹೋಗುವುದಿಲ್ಲ. ರಜೆಯ ದಿನಗಳಲ್ಲಿ ಮಧ್ಯಾಹ್ನವಾಗುತ್ತಲೇ ನಿಮ್ಮ ತಂಗಿ ನಮ್ಮ ಮಗ್ಗ ನಿಲ್ಲಿಸಲು ತಂದೆಯ ಬೆನ್ನು ತಟ್ಟುತ್ತಾಳೆ, ಆಮೇಲೆ ಓಣಿಗೆ ಇಳಿದು ಒಂದೊಂದು ಬಾಗಿಲಲ್ಲಿ ನಿಂತು ಬೆರಳುಗಳನ್ನು ಬಾಯಿಗೆ ಒಯ್ದು ತೋರಿಸುತ್ತಾಳೆ. ಹಿಂದಿನ ಮನೆ, ಪಕ್ಕದ ಮನೆ, ಎಲ್ಲ ನಿಲ್ಲುತ್ತವೆ. ಎದುರು ಮನೆಯ ಹಿರಿಯರು ಮಾತ್ರ ಬೇಕೆಂದೇ ಕಾಣದವರಂತೆ ಬೆನ್ನು ತಿರುಗಿಸಿಕೊಂಡು ಮಗ್ಗ ನಡೆಸುತ್ತಲೇ ಇರುತ್ತಾರೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಕೊರಳ ನರ ಉಬ್ಬುವಂತೆ, "ಅಜ್ಜಾ, ಉಣ್ಣಾಕ ಏಳೋ," ಎಂದು ಕೂಗುತ್ತಾಳೆ.

ಅವರು ಮಗ್ಗ ನಿಲ್ಲಿಸುತ್ತಾರೆ. ನಮ್ಮ ಓಣಿಯಲ್ಲಿ ಕೂಗಿ ಕರೆಯುವವಳು ಅವಳೊಬ್ಬಳೇ.